ಕಲ್ಲಿನ ತೊಟ್ಟಿಗೆ ಸಬ್‌ಟೈಟಲ್ ಕೆತ್ತಿದ ಸಿಗ್ರಾಫ್

[ಪರದೆಯ ಮೇಲೆ: ಬ್ಲೂಟೂತ್ ಗುರುತು]

ನಿಮ್ಮ ಮೊಬೈಲ್ ತೆಗೆದು ಬ್ಲೂಟೂತ್ ಗುರುತನ್ನು ಒಮ್ಮೆ ನೋಡಿ. ಚೂಪು ಮೂಲೆಗಳ ಆ ಗುರುತು ರೂನ್ ಎಂಬ ಹಳೆಯ ಲಿಪಿಯ ಎರಡು ಅಕ್ಷರಗಳ ಜೋಡಣೆ. ಒಂದು ‘ಹ’, ಇನ್ನೊಂದು ‘ಬ’. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕ್ ಆಳಿದ ಹರಾಲ್ಡ್ ಬ್ಲೂಟೂತ್ ಎಂಬ ದೊರೆಯ ಹೆಸರಿನ ಮೊದಲಕ್ಷರಗಳು ಅವು. ಡೇನರನ್ನು ಕ್ರೈಸ್ತರನ್ನಾಗಿ ಮಾಡಿದವನು ತಾನೇ ಎಂದು ಯೆಲ್ಲಿಂಗ್ ಎಂಬಲ್ಲಿ ಕಲ್ಲಿನ ಮೇಲೆ ಬರೆಸಿಕೊಂಡವನೂ ಅವನೇ.

ಇದನ್ನು ಹಿಂದೊಮ್ಮೆ ಹೇಳಿದಾಗ ವೀಕ್ಷಕರೊಬ್ಬರು ಕೇಳಿದ್ದರು: “ರೂನ್ ಎಂದರೆ ವೈಕಿಂಗರ ಮಾಟಮಂತ್ರದ ಲಿಪಿಯಲ್ಲವೇ? ಕ್ರೈಸ್ತರಾದ ಮೇಲೂ ಅದನ್ನು ಇಟ್ಟುಕೊಂಡರೇ?”

ಇಟ್ಟುಕೊಂಡರು. ಎಲ್ಲಿ ಎಂದರೆ, ಚರ್ಚಿನೊಳಗೆ, ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸುವ ತೊಟ್ಟಿಯ ಮೇಲೆಯೇ.

[ಪರದೆಯ ಮೇಲೆ: ಬಾಲ್ಟಿಕ್ ಸಮುದ್ರದ ನಕ್ಷೆ]

ಬೋರ್ನ್‌ಹೋಲ್ಮ್ ಡೆನ್ಮಾರ್ಕ್‌ಗೆ ಸೇರಿದ ದ್ವೀಪ. ನಕ್ಷೆಯಲ್ಲಿ ನೋಡಿದರೆ ಸ್ವೀಡನ್ನಿನ ತೆಕ್ಕೆಯಲ್ಲಿರುವಂತೆ ಕಾಣುತ್ತದೆ. ಪ್ರವಾಸಿಗರು ಇಲ್ಲಿಗೆ ಬರುವುದು ಬುರುಜಿನಂತೆ ಗುಂಡಗಿರುವ ನಾಲ್ಕು ಚರ್ಚುಗಳನ್ನು ನೋಡಲು. ಅವನ್ನು ನೋಡಿ ಗುಪ್ತ ನಿಧಿ, ರಹಸ್ಯ ಯೋಧರು ಎಂದು ಕಥೆ ಕಟ್ಟುವವರಿಗೂ ಕಡಿಮೆಯಿಲ್ಲ. ನಾನು ಆ ದಾರಿಗೆ ಹೋಗುವುದಿಲ್ಲ. ಇಂದಿನ ಚರ್ಚ್ ಗುಂಡಗಿಲ್ಲ. ಅದರ ಹೆಸರು ಓಕಿರ್ಕೆ. ಡೇನಿಷ್ ಭಾಷೆಯಲ್ಲಿ ‘ಓ’ ಎಂದರೆ ಹೊಳೆ, ‘ಕಿರ್ಕೆ’ ಎಂದರೆ ಚರ್ಚ್. ಹೊಳೆಯ ಚರ್ಚ್ ಎಂದುಕೊಳ್ಳಿ.

ಚರಿತ್ರೆಯನ್ನು ಚುಟುಕಾಗಿ ಮುಗಿಸುತ್ತೇನೆ. 12ನೆಯ ಶತಮಾನದ ನಡುಭಾಗದಲ್ಲಿ ಕಟ್ಟಿದ್ದು, ದ್ವೀಪದ ಅತಿ ದೊಡ್ಡ ಮಧ್ಯಯುಗೀನ ಚರ್ಚ್ ಇದು. ಜನರಿಗೆ ದೀಕ್ಷಾಸ್ನಾನ ಮಾಡಿಸುತ್ತಿದ್ದ ಸಂತ, ಸ್ನಾನಿಕನಾದ ಯೋಹಾನನಿಗೆ ಅರ್ಪಿತ. ಲುಂಡ್‌ನ ಆರ್ಚ್‌ಬಿಷಪ್ಪರ ಅಧೀನದಲ್ಲಿತ್ತು. ಲುಂಡ್ ಆಗ ಡೆನ್ಮಾರ್ಕ್‌ನದು, 1658ರಲ್ಲಿ ಸ್ವೀಡನ್ನಿನ ಪಾಲಾಯಿತು. ಅದೇ ಒಪ್ಪಂದದಲ್ಲಿ ಬೋರ್ನ್‌ಹೋಲ್ಮ್ ಕೂಡ ಕೈತಪ್ಪಿತ್ತು. ಆದರೆ ದ್ವೀಪದವರು ಅದೇ ವರ್ಷ ದಂಗೆಯೆದ್ದು ಡೆನ್ಮಾರ್ಕ್‌ಗೆ ಮರಳಿದರು. ಅಷ್ಟು ಸಾಕು. ನನಗೆ ತೊಟ್ಟಿಯ ಬಳಿ ಹೋಗುವ ಆತುರ.

[ಪರದೆಯ ಮೇಲೆ: ತೊಟ್ಟಿ, ನಿಧಾನವಾಗಿ ಸುತ್ತುತ್ತಾ]

ಸುಮಾರು 1200ರ ಕೆಲಸ. ಅಂದರೆ ಹರಾಲ್ಡ್ ಸತ್ತು ಇನ್ನೂರಕ್ಕೂ ಹೆಚ್ಚು ವರ್ಷಗಳಾಗಿದ್ದವು. ಮರಳುಗಲ್ಲು. ಕೂಸನ್ನು ನೀರಿನಲ್ಲಿ ಮುಳುಗಿಸಿ ಎತ್ತುವ ಕಾಲವಾದ್ದರಿಂದ ಬಟ್ಟಲೂ ದೊಡ್ಡದು. ಬುಡದಲ್ಲಿ ಮೃಗಗಳ ತಲೆಗಳು ಹೊರಕ್ಕೆ ಚಾಚಿವೆ. ಬಟ್ಟಲಿನ ಸುತ್ತ 11 ಕಮಾನುಗಳು. ಪ್ರತಿ ಕಮಾನಿನೊಳಗೆ ಕ್ರಿಸ್ತನ ಕಥೆಯ ಚಿತ್ರಗಳು, ಅವುಗಳ ನೆತ್ತಿಯ ಮೇಲೆ ಕಮಾನಿನ ಪಟ್ಟಿಯಲ್ಲೇ ರೂನ್ ಬರಹ. ಏನು ಬರೆದಿದೆ ಗೊತ್ತೇ? ಮಂತ್ರವಲ್ಲ, ಪ್ರಾರ್ಥನೆಯೂ ಅಲ್ಲ. ಕೆಳಗಿನ ಚಿತ್ರದಲ್ಲಿ ಏನು ನಡೆಯುತ್ತಿದೆ ಎಂಬ ವಿವರಣೆ!

“ಇವನು ಸಂತ ಗಬ್ರಿಯೇಲ್, ನೀನು ಮಗುವನ್ನು ಹೆರುವೆ ಎಂದು ಸಂತ ಮರಿಯಾಳಿಗೆ ಹೇಳಿದವನು.” ಮುಂದಿನ ಚಿತ್ರ: “ಇವರು ಎಲಿಜಬೇತ್ ಮತ್ತು ಮರಿಯಾ, ಒಬ್ಬರಿಗೊಬ್ಬರು ವಂದಿಸುತ್ತಿದ್ದಾರೆ.” ಅದರ ಮುಂದೆ: “ಇಲ್ಲಿ ಮರಿಯಾ ವಿಶ್ರಮಿಸುತ್ತಿದ್ದಾಳೆ.”

ಇವನು, ಇವರು, ಇಲ್ಲಿ. ಜಾತ್ರೆಯಲ್ಲಿ ಪಟ ಬಿಚ್ಚಿ, ಕೋಲಿನಿಂದ ಒಂದೊಂದೇ ಚಿತ್ರ ಮುಟ್ಟಿ ತೋರಿಸುತ್ತಾ ಕಥೆ ಹೇಳುವವನ ಮಾತಿನ ಧಾಟಿಯಲ್ಲವೇ ಇದು? ತೊಟ್ಟಿ ಗುಂಡಗಿರುವುದರಿಂದ ಓದುವವನು ಸುಮ್ಮನೆ ನಿಲ್ಲುವಂತಿಲ್ಲ. ಒಂದು ಪ್ರದಕ್ಷಿಣೆ ಹಾಕದೆ ಕಥೆ ಮುಗಿಯುವುದಿಲ್ಲ.

ಇನ್ನು ನನಗೆ ತುಂಬ ಇಷ್ಟವಾದ ಸಂಗತಿ. ಹುಟ್ಟಿದ ಯೇಸುವನ್ನು ಕಾಣಲು ಮೂವರು ರಾಜರು ಬರುವ ಪ್ರಸಂಗ ಬಂದಾಗ ಶಿಲ್ಪಿ ಅಲ್ಲೇ ಬೀಡುಬಿಡುತ್ತಾನೆ. ನಮ್ಮ ಪ್ರಭುವಿಗೆ ಮೊದಲು ಕಾಣಿಕೆ ಕೊಟ್ಟ ಮೂವರು ರಾಜರು ಇವರು ಎನ್ನುತ್ತಾನೆ. ಪ್ರಭು ಇಲ್ಲಿ ಕಾಣಿಕೆ ಸ್ವೀಕರಿಸಿದ ಎನ್ನುತ್ತಾನೆ. ಕಾಣಿಕೆ ಕೊಟ್ಟು ಮುಗಿಸಿದ ಮೂವರು ರಾಜರು ಇಲ್ಲಿ ಕುದುರೆ ಏರಿ ಹೊರಟರು ಎಂದು ಅವರನ್ನು ಬೀಳ್ಕೊಡುವುದನ್ನೂ ಬಿಡುವುದಿಲ್ಲ. ಅಷ್ಟರಲ್ಲಿ ಕಲ್ಲಿನ ಬಹುಪಾಲು ಖರ್ಚಾಗಿದೆ. ಆಮೇಲೆ ಒಂದೇ ನೆಗೆತ! ತಾಯಿಯ ಮಡಿಲಿನಲ್ಲಿದ್ದ ಕೂಸು ಮುಂದಿನ ಕಮಾನುಗಳಲ್ಲಿ ಬಂಧಿತನಾಗುತ್ತದೆ. ಕಟ್ಟಿದರು, ಹೊಡೆದರು, ಎಳೆದೊಯ್ದರು, ಶಿಲುಬೆಗೆ ಮೊಳೆ ಹೊಡೆದರು. ಬಾಲ್ಯವಿಲ್ಲ, ಪವಾಡವಿಲ್ಲ, ಬೋಧನೆಯಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ, ದೀಕ್ಷಾಸ್ನಾನವೇ ಇಲ್ಲ! ಸ್ನಾನಿಕ ಯೋಹಾನನ ಚರ್ಚಿನಲ್ಲಿ, ದೀಕ್ಷಾಸ್ನಾನದ ತೊಟ್ಟಿಯ ಮೇಲೆ, ಯೇಸು ಯೋಹಾನನಿಂದ ದೀಕ್ಷಾಸ್ನಾನ ಪಡೆದ ದೃಶ್ಯಕ್ಕೆ ಜಾಗ ಸಿಕ್ಕಿಲ್ಲ. ಮದುವೆಯ ಕರೆಯೋಲೆಯಲ್ಲಿ ಊಟದ ಪಟ್ಟಿಯನ್ನೆಲ್ಲ ಅಚ್ಚು ಹಾಕಿಸಿ ವರನ ಹೆಸರನ್ನೇ ಬಿಟ್ಟಂತೆ.

ಒಂದು ಕಹಿ ಮಾತನ್ನೂ ಹೇಳಬೇಕು. ಮೊಳೆ ಹೊಡೆದವರು ಯೆಹೂದ್ಯರು ಎಂದು ಬರಹ ಬೆರಳು ತೋರಿಸುತ್ತದೆ. ಶಿಲುಬೆಯ ಶಿಕ್ಷೆ ರೋಮನ್ನರದು. ಆದರೂ ಮಧ್ಯಯುಗದ ಯುರೋಪು ಈ ಆರೋಪವನ್ನು ಎಲ್ಲೆಡೆ ಹೊತ್ತು ತಿರುಗಿತು, ಕೊನೆಗೆ ಈ ಪುಟ್ಟ ದ್ವೀಪಕ್ಕೂ ತಂದಿತು.

[ಪರದೆಯ ಮೇಲೆ: ಕೊನೆಯ ಕಮಾನು]

ಬರಹದ ಕೊನೆಯಲ್ಲಿ ‘ಇದನ್ನು ನೋಡಿ’ ಎಂಬ ಅರ್ಥದ ಮಾತು, ಅದರ ಬೆನ್ನಿಗೇ ಒಂದು ಹೆಸರು: ಸಿಗ್ರಾಫ್ ಮೇಸ್ತ್ರಿ. ಅವನು ಈ ದ್ವೀಪದವನಲ್ಲ. ಬರಹದ ಭಾಷೆ ಗೋಟ್ಲಂಡ್‌ನದು, ಬಾಲ್ಟಿಕ್‌ನ ಇನ್ನೊಂದು ದ್ವೀಪದ್ದು. ಅಲ್ಲಿನ ಕಲ್ಲುಕುಟಿಗರು ಇಂಥ ತೊಟ್ಟಿಗಳನ್ನು ಮಾಡಿ ಹಡಗಿನಲ್ಲಿ ಸುತ್ತಲಿನ ಕರಾವಳಿಗಳಿಗೆಲ್ಲ ಕಳುಹಿಸುತ್ತಿದ್ದರು. ಅವರಲ್ಲಿ ಹೆಚ್ಚಿನವರು ಹೆಸರು ಬಿಟ್ಟುಹೋಗಿಲ್ಲ. ಹಾಗಾಗಿ 20ನೆಯ ಶತಮಾನದಲ್ಲಿ ಜಾನಿ ರೂಸ್ವಾಲ್ ಎಂಬ ಸ್ವೀಡಿಷ್ ಕಲಾ ಇತಿಹಾಸಕಾರ ಅವರಿಗೆ ‘ಮೆಜೆಸ್ಟಾಟಿಸ್’, ‘ಬೈಜಾಂಟಿಯೋಸ್’ ಎಂದೆಲ್ಲ ತಾನೇ ನಾಮಕರಣ ಮಾಡಬೇಕಾಯಿತು. ಸಿಗ್ರಾಫ್ ಆ ಕಷ್ಟ ಕೊಡಲಿಲ್ಲ.

ಮಾಟಮಂತ್ರದ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ಆ ಜನರಿಗೆ ರೂನ್ ದಿನಬಳಕೆಯ ಅಕ್ಷರ, ಅಷ್ಟೇ. ಗೋಟ್ಲಂಡ್‌ನಲ್ಲಂತೂ 15ನೆಯ ಶತಮಾನದ ಸಮಾಧಿಗಲ್ಲುಗಳಲ್ಲೂ ಅದೇ ಲಿಪಿ ಇದೆ.

ಗಡಿಯಾರ ನೋಡಿದರೆ ಸಮಯ ಮುಗಿಯುತ್ತಾ ಬಂದಿದೆ. ಉಳಿದದ್ದನ್ನು ಒಂದೇ ಉಸಿರಿನಲ್ಲಿ ಹೇಳುತ್ತೇನೆ. ಬಲಿಪೀಠದ ಹಿಂದಿನ ಕೆತ್ತನೆಯ ಫಲಕ ಮತ್ತು ಪ್ರಸಂಗ ಪೀಠ ಸುಮಾರು 1600ರವು, ಡೆನ್ಮಾರ್ಕ್ 1536ರಲ್ಲಿ ಲೂಥರನ ಪ್ರಾಟೆಸ್ಟಂಟ್ ಪಂಥಕ್ಕೆ ಹೊರಳಿದ ಮೇಲಿನವು. ಪ್ರವೇಶದ ಮೊಗಸಾಲೆಯಲ್ಲಿ ರೂನ್ ಬರಹದ ಕಲ್ಲುಗಳಿವೆ. ಅಗಲವಾದ ಗೋಪುರಕ್ಕೆ ಅಕ್ಕಪಕ್ಕ ಎರಡು ಇಳಿಜಾರು ಮಾಡುಗಳು. ಅವುಗಳ ಬಗ್ಗೆ ಹತ್ತು ನಿಮಿಷ ಮಾತನಾಡಬೇಕೆಂದಿದ್ದೆ. ಏನು ಮಾಡಲಿ, ಮೂವರು ರಾಜರು ನನ್ನ ಸಮಯವನ್ನೂ ತಿಂದುಹಾಕಿದರು.