ಮೊದಲು ಫೈಲ್ ಕೇಳಿ

ಕೇಳುಗರಿಗೆ ನಮಸ್ಕಾರ. ಡೊಂಬಿವಲಿ, ಮುಲುಂಡ್, ಮಾಟುಂಗ ಕಡೆ ಮನೆಯಲ್ಲಿ ಬಸುರಿ ಇದ್ದಾಳೆ ಅಂತ ಬಾಣಂತನಕ್ಕೆ ಸಿದ್ಧ ಮಾಡಿಕೊಳ್ಳುತ್ತಿರುವ ಅಜ್ಜಿಯರೇ, ಈ ಮಾತು ನಿಮಗೇ. ನಾನು ಗ್ರಾಹಕ ಆಯೋಗಗಳಲ್ಲಿ ವಕೀಲಿ ಮಾಡುವವಳು. ಹೆರಿಗೆಯಲ್ಲಿ ಮಗುವಿಗೆ ಪೆಟ್ಟಾಗಿದೆ ಅನ್ನಿಸಿದರೆ ಮೊದಲು ಆಸ್ಪತ್ರೆಯ ಪೂರ್ತಿ ಫೈಲ್ ಕೇಳಿ ತೆಗೆದುಕೊಳ್ಳಿ. ಜಗಳ ಆಮೇಲೆ.

ಬೆಳಗಾವಿಯ ಒಬ್ಬರು ಅಜ್ಜಿ ಮಗಳ ಹೆರಿಗೆಗೆ ಇಲ್ಲಿ ಮುಂಬೈಗೆ ಬಂದಿದ್ದರು. ಅಳಿಯ ಹೋಟೆಲಿನಲ್ಲಿ ವೇಟರ್. ಉಪನಗರದ ಒಂದು ನರ್ಸಿಂಗ್ ಹೋಮ್. ಅಜ್ಜಿ ಲೇಬರ್ ರೂಮಿನ ಬಾಗಿಲಲ್ಲೇ ಕೂತಿದ್ದರು. ಜಾತಕಕ್ಕೆ ಹುಟ್ಟಿದ ಗಳಿಗೆ ಸರಿಯಾಗಿ ಬೇಕಲ್ವಾ? ನರ್ಸ್ ಹೊರಗೆ ಓಡಿ ಬಂದು, ತಲೆ ಬಂತು, ಭುಜ ಸಿಕ್ಕಿಕೊಂಡಿದೆ, ಇನ್ನೊಬ್ಬ ಡಾಕ್ಟರನ್ನು ಕರೀರಿ ಅಂತ ಮರಾಠಿಯಲ್ಲಿ ಕೂಗಿದಳು. ಅಜ್ಜಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು. ಕೈಯಲ್ಲಿದ್ದ ಔಷಧಿ ಅಂಗಡಿ ಬಿಲ್ಲಿನ ಹಿಂದೆ 3.40 ಅಂತ ಬರೆದರು. ಮಗು ಅತ್ತಾಗ 3.46. ಅದನ್ನೂ ಬರೆದರು.

ಮನೆಗೆ ಬಂದ ಮೇಲೆ ನೀರು ಹಾಕಲು ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡರು. ಎಡಗೈ ಗಾಳಿಯಲ್ಲಿ ಆಡುತ್ತಿದೆ. ಬಲಗೈ ಜೋತುಬಿದ್ದಿದೆ, ಅಂಗೈ ಹಿಂದಕ್ಕೆ ತಿರುಗಿದೆ. ಕುತ್ತಿಗೆಯಿಂದ ತೋಳಿಗೆ ಇಳಿಯುವ ನರಗಳು ಜಗ್ಗಿ ಹೋಗಿದ್ದವು. ಎರ್ಬ್ಸ್ ಪಾಲ್ಸಿ ಅನ್ನುತ್ತಾರೆ. ಕೈ ಹಾಗೆ ತಿರುಗುವುದಕ್ಕೆ ಡಾಕ್ಟರುಗಳು ಇಟ್ಟಿರುವ ಹೆಸರು 'ವೇಟರ್ಸ್ ಟಿಪ್'. ವೇಟರ್ ಕೈ ಹಿಂದೆ ಮಾಡಿ ಟಿಪ್ಸ್ ತೆಗೆದುಕೊಂಡ ಹಾಗೆ, ಅಂತ. ಆ ಅಪ್ಪ ನನ್ನ ಆಫೀಸಿನಲ್ಲಿ ಕೂತು ಈ ಹೆಸರು ಹೇಳುವಾಗ ಅತ್ತುಬಿಟ್ಟ.

ಡಿಸ್ಚಾರ್ಜ್ ಕಾರ್ಡಿನಲ್ಲಿ ಇದ್ದದ್ದು ಇಷ್ಟೇ: ನಾರ್ಮಲ್ ಡೆಲಿವರಿ, 3.41. ನಾನು ಫೈಲ್ ತನ್ನಿ ಅಂದೆ. ಅರ್ಜಿ ಬರೆದು ಕೊಟ್ಟರು, ನಕಲಿನ ಮೇಲೆ ಸೀಲು ಹಾಕಿಸಿಕೊಂಡರು. ಮೂರನೇ ದಿನ ಫೈಲ್ ಬಂತು. ನರ್ಸ್ ಬರೆದ ಹಾಳೆಯಲ್ಲಿ 3.40ಕ್ಕೆ ತಲೆ, 3.46ಕ್ಕೆ ಮಗು. ಅಜ್ಜಿಯ ಬಿಲ್ಲಿನಲ್ಲಿದ್ದದ್ದೂ ಅದೇ. ಭುಜ ಸಿಕ್ಕಿಕೊಂಡರೆ ತಾಯಿಯ ತೊಡೆಗಳನ್ನು ಹೊಟ್ಟೆಯ ಕಡೆಗೆ ಒತ್ತಿ ಮಡಚಬೇಕು. ತಲೆ ಹಿಡಿದು ಜೋರಾಗಿ ಎಳೆಯಬಾರದು. ಆ ಆರು ನಿಮಿಷ ಏನು ಮಾಡಿದರು ಅಂತ ಫೈಲಿನಲ್ಲಿ ಒಂದು ಸಾಲೂ ಇರಲಿಲ್ಲ. ನಮ್ಮ ಕೇಸು ನಿಂತದ್ದೇ ಅದರ ಮೇಲೆ.

"ಕೇಳಿದ್ವಿ ಮೇಡಂ, ಕೊಡಲ್ಲ ಅಂದ್ರು" ಅಂತ ವಾರಕ್ಕೊಬ್ಬರಾದರೂ ಬರುತ್ತಾರೆ. ಬರೆದು ಕೇಳಿದ್ರಾ ಅಂದರೆ ಇಲ್ಲ! ದಯವಿಟ್ಟು ಬರೆದು ಕೇಳಿ. ಅರ್ಜಿ ಕೊಟ್ಟ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ನಿಯಮವೇ ಹೇಳುತ್ತದೆ. ಬಾಂಬೆ ಹೈಕೋರ್ಟ್ 1996ರಲ್ಲೇ ಇದು ರೋಗಿಯ ಹಕ್ಕು ಅಂದಿದೆ. ಆಸ್ಪತ್ರೆ ಫೈಲ್ ಇಟ್ಟುಕೊಳ್ಳಬೇಕಾದ್ದು 3 ವರ್ಷ. ಆಮೇಲೆ ರದ್ದಿಗೆ ಹಾಕಿದರೂ ಹಾಕಿದರೇ.

ನನಗೆ ಕೊಟ್ಟ ಸಮಯ ಮುಗಿಯುತ್ತಾ ಬಂತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಗ್ರಾಹಕ ಆಯೋಗಕ್ಕೆ ಹೋಗಲು 2 ವರ್ಷ ಇದೆ. ಕೈ ತಾನಾಗೇ ಸರಿಹೋಗುತ್ತೆ ಅಂತ ಸುಮ್ನೆ ಕೂತು ಅದನ್ನು ಕಳೆಯಬೇಡಿ. ಮಗುವಿನ ಜೊತೆ ತಂದೆತಾಯಿಯೂ ಪರಿಹಾರ ಕೇಳಬಹುದು, 1998ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹೆರಿಗೆ ತವರಿನಲ್ಲಿ, ಕಲಬುರಗಿಯಲ್ಲಿ ಆಗಿದ್ದರೂ ಡೊಂಬಿವಲಿಯವರು ಇಲ್ಲೇ ಠಾಣೆ ಜಿಲ್ಲೆಯ ಗ್ರಾಹಕ ಆಯೋಗದಲ್ಲಿ ದೂರು ಕೊಡಬಹುದು. ಆಸ್ಪತ್ರೆಗೆ ಕಟ್ಟಿದ ದುಡ್ಡು 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕ ಇಲ್ಲ. ಎಲ್ಲರಿಗೂ ಬಿಟ್ಟಿ ಚಿಕಿತ್ಸೆ ಕೊಡುವ ಸರ್ಕಾರಿ ಆಸ್ಪತ್ರೆಯಾದರೆ ದಾರಿ ಬೇರೆ, ಸಿವಿಲ್ ಕೋರ್ಟು. ಫೈಲನ್ನು ಬೇರೆ ಹೆರಿಗೆ ಡಾಕ್ಟರಿಗೆ ತೋರಿಸಿ. ತಪ್ಪು ಆಗಿದೆಯೋ ಇಲ್ಲವೋ ಅವರು ಓದಿ ಹೇಳುತ್ತಾರೆ.

ಅರ್ಜಿಯಲ್ಲಿ ಏನು ಬರೆಯಬೇಕು ಅಂದರೆ, ತಾಯಿಯ ಹೆಸರು, ಸೇರಿಸಿದ ದಿನ, ನರ್ಸ್ ಬರೆದ ಹಾಳೆಗಳು, ಮಗುವಿನ ಎದೆಬಡಿತದ ಪಟ್ಟಿ, ಎಲ್ಲದರ ನಕಲು ಬೇಕು ಅಂತ. ಮರಾಠಿಯಲ್ಲಿ ಬರೆದರೂ ನಡೆಯುತ್ತದೆ. ಸೀಲು ಹಾಕಿಸಿಕೊಳ್ಳದೆ ಕೌಂಟರ್ ಬಿಟ್ಟು ಬರಬೇಡಿ. ನಮಸ್ಕಾರ.