ಆಲಮಟ್ಟಿಗೆ ಇನ್ನೊಂದು ಕಾರಂಜಿ ಬೇಡ್ರೀ

ನಮಸ್ಕಾರ್ರೀ ಎಲ್ಲರಿಗೂ.

ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟೆಗೆ ಹೋಗಿ ಬಂದವರನ್ನ ಸುಮ್ನೆ ಕೇಳಿ ನೋಡಿ, ಏನೇನು ನೋಡಿದ್ರಿ ಅಂತ. ರಾಕ್ ಗಾರ್ಡನ್ ನೋಡಿದೆವು, ಕೃಷ್ಣ ಉದ್ಯಾನ ನೋಡಿದೆವು, ಮೊಘಲ್ ಗಾರ್ಡನ್‌ನಲ್ಲಿ ಫೋಟೋ ತೆಗೆಸಿಕೊಂಡೆವು, ಕತ್ತಲಾದ ಮೇಲೆ ಸಂಗೀತ ಕಾರಂಜಿ ನೋಡಿ ಗಾಡಿ ಹತ್ತಿದೆವು ಅನ್ನುತ್ತಾರೆ. ನೀರು? ಹಾಂ, ಅದೂ ಇತ್ತು. ಮದುವೆಗೆ ಹೋಗಿ ಮದುಮಕ್ಕಳನ್ನ ನೋಡದೆ ಉಂಡು ಬಂದ ಹಾಗಾಯಿತು ಇದು.

ಉದ್ಯಾನ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ನಮ್ಮದು ಬಿಸಿಲ ನಾಡು. ಏಪ್ರಿಲ್ ತಿಂಗಳಲ್ಲಿ ಮಕ್ಕಳನ್ನ ಕರೆದುಕೊಂಡು ಬಂದವರಿಗೆ ಒಂದಿಷ್ಟು ನೆರಳು, ಹಸಿರು ಹುಲ್ಲು ಸಿಕ್ಕರೆ ಚಲೋನೇ ಆಯಿತು. ಆದರೆ ಇಟಾಲಿಯನ್ ಗಾರ್ಡನ್, ಫ್ರೆಂಚ್ ಗಾರ್ಡನ್‌ಗೂ ಜಾಗ ಕೊಟ್ಟ ನಾವು, ಕೃಷ್ಣೆಯ ಕಥೆಗೆ ಅಷ್ಟು ಜಾಗ ಕೊಟ್ಟಿದ್ದೇವಾ? ಇಲ್ಲ. ನನ್ನ ತಕರಾರು ಇಷ್ಟೇ. ಇನ್ನು ಮುಂದೆ ಅಲ್ಲಿ ದುಡ್ಡು ಹಾಕುವುದಾದರೆ ಮೊದಲು ಒಂದು ಒಳ್ಳೆ ಮಾಹಿತಿ ಕೇಂದ್ರಕ್ಕೆ ಹಾಕಲಿ.

ಕಥೆಗೇನು ಬರ ಇಲ್ಲ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಇಲ್ಲಿ ಅಡಿಗಲ್ಲು ಇಟ್ಟರು. ಆಗ ಅವರು ಇನ್ನೂ ಪ್ರಧಾನಿ ಆಗಿರಲಿಲ್ಲ. ಐದೇ ದಿನಕ್ಕೆ ನೆಹರೂ ತೀರಿಕೊಂಡರು, ಜೂನ್‌ನಲ್ಲಿ ಶಾಸ್ತ್ರಿ ಪ್ರಧಾನಿಯಾದರು. ಆಮೇಲೆ ಕೆಲಸ ಎಳೆದೂ ಎಳೆದೂ 2006ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಬಂದು ಅಣೆಕಟ್ಟೆಯನ್ನ ನಾಡಿಗೆ ಅರ್ಪಿಸಿದರು. 42 ವರ್ಷ! ಇದನ್ನ ಮಕ್ಕಳಿಗೆ ಯಾರು ಹೇಳುತ್ತಾರೆ?

ಮಳೆಗಾಲ ಬಂತೆಂದರೆ ನಮ್ಮ ಕಡೆ ಚಹಾದಂಗಡಿಯಲ್ಲಿ ಕೂತವರೆಲ್ಲ ಒಳಹರಿವು ಎಷ್ಟು, ಹೊರಹರಿವು ಎಷ್ಟು, ಎಷ್ಟು ಗೇಟ್ ತೆಗೆದರು ಅಂತಲೇ ಮಾತಾಡುತ್ತಾರೆ. ಜಲಾಶಯ ತುಂಬಿದಾಗಿನ ನೀರಿನ ಮಟ್ಟ 519.60 ಮೀಟರ್ ಅನ್ನೋ ಅಂಕಿ ಚಿಕ್ಕ ಹುಡುಗರಿಗೂ ಬಾಯಿಪಾಠ. ಜಲಾಶಯ ತುಂಬಿದರೆ 123 ಟಿಎಂಸಿ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಹಾಗಂದರೆ ಎಷ್ಟು ನೀರು, ಎಷ್ಟು ಹೊಲಕ್ಕೆ ಹರಿಯುತ್ತದೆ? ಮಹಾಬಳೇಶ್ವರದಲ್ಲಿ ಹುಟ್ಟಿದ ನದಿ ಇಲ್ಲಿಗೆ ಹೇಗೆ ಬರುತ್ತದೆ? ಮೇಲೆ ಮಹಾರಾಷ್ಟ್ರದ ಕೊಯ್ನಾ ಡ್ಯಾಮ್‌ನಿಂದ ನೀರು ಬಿಟ್ಟರೆ ಇಲ್ಲಿ ಏನಾಗುತ್ತದೆ? 26 ಗೇಟ್‌ಗಳಲ್ಲಿ ಒಂದರ ಮಾದರಿ ಮಾಡಿ, ಮಕ್ಕಳ ಕೈಯಲ್ಲೇ ಎತ್ತಿಸಿ, ಇಳಿಸಿ ತೋರಿಸಿದರೆ ಸಾಕು. ಬಾಯಲ್ಲಿದ್ದ ಅಂಕಿ ತಲೆಗೆ ಇಳಿಯುತ್ತದೆ.

ಆದರೆ ಇದೆಲ್ಲ ಎಂಜಿನಿಯರ್‌ಗಳ ಕಥೆ. ನನಗೆ ಅದಕ್ಕಿಂತ ಜಾಸ್ತಿ ಬೇಕಿರುವುದು ಮುಳುಗಡೆಯವರ ಕಥೆ.

ಈಗ ಬಾಗಲಕೋಟೆಗೆ ಬಂದವರಿಗೆ ನವನಗರ ಕಾಣುತ್ತದೆ. ಅಗಲ ರಸ್ತೆ, ಸೆಕ್ಟರ್ ನಂಬರ್. ವಿಳಾಸ ಕೇಳಿದರೆ ಓಣಿಯ ಹೆಸರಲ್ಲ, ಸಂಖ್ಯೆ ಹೇಳುತ್ತಾರೆ. ಹಳೆ ಊರಿನಲ್ಲಿ ಹಾಗಿರಲಿಲ್ಲ. ಪ್ರತಿ ಓಣಿಗೂ ಒಂದು ಹೆಸರು, ಒಂದು ಕಟ್ಟೆ, ಒಂದು ಜಗಳ. ಹೋಳಿ ಹಬ್ಬಕ್ಕೆ ಓಣಿ ಓಣಿಯ ಬಣ್ಣದ ಬಂಡಿಗಳು ಹೊರಟರೆ ಊರು ಊರಾಗಿ ಉಳಿಯುತ್ತಿರಲಿಲ್ಲ. ಹಿನ್ನೀರು ಏರಿದಾಗ ಜನ ಮನೆ ಬಿಚ್ಚಿದರು. ಸಾಗುವಾನಿ ಬಾಗಿಲು, ಕಂಬ, ತೊಲೆ ಕಿತ್ತುಕೊಂಡು ಹೋದವರು ಉಂಟು, ಮಾರಿ ಹೋದವರೂ ಉಂಟು. ನೂರಕ್ಕೂ ಜಾಸ್ತಿ ಹಳ್ಳಿಗಳದ್ದು ಇದೇ ಪಾಡು. ಹೊಲ ಹೋಯಿತು, ಪರಿಹಾರದ ದುಡ್ಡು ಬಂತು, ಹೇಗೆ ಬಂತೋ ಹಾಗೇ ಖರ್ಚಾಯಿತು. ಈ ನೀರು ಕಾಣುವಷ್ಟು ಚೆಂದ ಆಗಿದ್ದು ಅವರು ಎದ್ದು ಹೋಗಿದ್ದಕ್ಕೆ. ಅವರ ಹೆಸರು, ಅವರ ಊರಿನ ನಕ್ಷೆ, ಒಂದೆರಡು ಬಾಗಿಲ ಚೌಕಟ್ಟು, ಅವರದೇ ದನಿಯಲ್ಲಿ ಹೇಳಿದ ಮಾತು ಇಷ್ಟನ್ನ ಒಂದು ಕೋಣೆಯಲ್ಲಿ ಇಡೋಕೆ ಆಗಲ್ವಾ?

ಇದಕ್ಕೆ ಒಂದು ಉತ್ತರ ರೆಡಿ ಇರುತ್ತದೆ. "ಮಂದಿ ಓದಂಗಿಲ್ಲಪ್ಪ, ಸೆಲ್ಫಿ ತಗೊಂಡು ಹೋಗ್ತಾರ." ನಾನು ಒಪ್ಪಲ್ಲ. ಗೋಳಗುಮ್ಮಟಕ್ಕೆ ಹೋಗಿ. ಆ ಎತ್ತರದ ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಮೇಲೆ ಬರುತ್ತಾರಲ್ಲ, ಅವರು ಗೋಡೆ ನೋಡೋಕೆ ಬರುವುದಿಲ್ಲ. ಈ ಕಡೆ ಪಿಸುಗುಟ್ಟಿದರೆ ಆ ಕಡೆ ಕೇಳುತ್ತದೆ ಅಂತ ಯಾರೋ ಹೇಳಿದ್ದಾರೆ, ಅದಕ್ಕೇ ಬರುತ್ತಾರೆ. ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯಲ್ಲಿ ಪುರಾತತ್ವ ಇಲಾಖೆಯ ಪುಟ್ಟ ಮ್ಯೂಸಿಯಂ ಇದೆ. ಆದಿಮಾನವರು ಇದ್ದ ಶಿಡ್ಲಫಡಿ ಗುಹೆಯ ಮಾದರಿಯನ್ನ ಅಲ್ಲಿ ಮಾಡಿಟ್ಟಿದ್ದಾರೆ. ಅದನ್ನ ನೋಡಿ ಹೊರಗೆ ಬಂದ ಮೇಲೆ ಎದುರಿಗಿನ ಕೆಂಪು ಬಂಡೆ ಬೇರೆಯೇ ಕಾಣುತ್ತದೆ.

ಇಂಗ್ಲೆಂಡಿನ ಲೇಕ್ ಡಿಸ್ಟ್ರಿಕ್ಟ್‌ನವರು 1969ರಲ್ಲೇ ವಿಂಡರ್‌ಮಿಯರ್ ಸರೋವರದ ದಂಡೆಯ ಬ್ರಾಕ್‌ಹೋಲ್ ಎಂಬ ಹಳೆ ಬಂಗಲೆಯನ್ನ ಪ್ರವಾಸಿಗರ ಮಾಹಿತಿ ಕೇಂದ್ರ ಮಾಡಿದರು. ಅದೇ ಸೀಮೆಯಲ್ಲಿ ಮ್ಯಾಂಚೆಸ್ಟರ್‌ಗೆ ನೀರು ಕೊಡಲು 1930ರ ದಶಕದಲ್ಲಿ ಮಾರ್ಡೇಲ್ ಅನ್ನೋ ಹಳ್ಳಿ ಮುಳುಗಿಸಿದ್ದರು. ನೀರು ತೀರಾ ಇಳಿದ ವರ್ಷ ಅದರ ಗೋಡೆಗಳು ಹೊರಗೆ ಬರುತ್ತವೆ, ಜನ ನೋಡೋಕೆ ಮುಗಿಬೀಳುತ್ತಾರೆ. ನಮ್ಮ ಹಿಡಕಲ್ ಡ್ಯಾಮ್‌ನಲ್ಲೂ ಬೇಸಿಗೆಯಲ್ಲಿ ವಿಠ್ಠಲನ ಗುಡಿ ಎದ್ದು ನಿಲ್ಲುತ್ತದೆ, ಅಲ್ಲೂ ಜನ ಬರುತ್ತಾರೆ. ಜನರಿಗೆ ಆಸಕ್ತಿ ಇಲ್ಲ ಅಂತ ಹೇಗೆ ಹೇಳೋದು?

ಹಕ್ಕಿಗಳ ವಿಷಯ ಬೇರೆ. ಚಳಿಗಾಲದಲ್ಲಿ ಪಟ್ಟೆತಲೆ ಹೆಬ್ಬಾತು ಹಿಮಾಲಯ ದಾಟಿ ಈ ಹಿನ್ನೀರಿಗೆ ಬರುತ್ತದೆ. ಬೇಸಿಗೆಯಲ್ಲಿ ನೀರು ಸರಿದು ಕೆಸರು ತೆರೆದುಕೊಂಡಾಗ ರಾಜಹಂಸಗಳು ಸಾಲುಗಟ್ಟಿ ಇಳಿಯುತ್ತವೆ. ಕೊರ್ತಿ-ಕೊಲ್ಹಾರ ಸೇತುವೆ ಮೇಲೆ ಕಾರು ನಿಲ್ಲಿಸಿ ಫೋಟೋ ತೆಗೆಯುವವರಿಗೆ ಇದು ಗೊತ್ತೇ ಇರಲ್ಲ. ಹೆದ್ದಾರಿ ಸೇತುವೆ ಮೇಲೆ ಗಾಡಿ ನಿಲ್ಲಿಸೋದು ಅಪಾಯ ಬೇರೆ. ದಂಡೆಯಲ್ಲಿ ನೆರಳಿರುವ ಒಂದು ಕಟ್ಟೆ, ಎರಡು ದುರ್ಬೀನು, ಯಾವ ತಿಂಗಳು ಯಾವ ಹಕ್ಕಿ ಅಂತ ಕನ್ನಡದಲ್ಲಿ ಒಂದು ಫಲಕ ಇಟ್ಟರೆ ಸಾಕು. ಕಾವಲಿಗೆ ಅಲ್ಲಿನ ಮೀನುಗಾರರ ಹುಡುಗರನ್ನೇ ತಗೊಳ್ಳಿ. ನೀರಿನ ಬಗ್ಗೆ ಅವರಿಗೆ ಗೊತ್ತಿರುವಷ್ಟು ಪೇಟೆಯಿಂದ ಬಂದ ಗೈಡ್‌ಗೆ ಗೊತ್ತಿರಲ್ಲ. ಹಾಂ, ಕ್ಯಾಂಟೀನ್ ಮಾಡಿದರೆ ಚಿಪ್ಸ್ ಪಾಕೀಟು ನೇತುಹಾಕಬೇಡಿ. ಕೊಲ್ಹಾರದ ಗಡಿಗೆ ಮೊಸರು, ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇಡಿ.

ಕೂಡಲಸಂಗಮಕ್ಕೆ ಹೋದವರು ಬಸವಣ್ಣನವರ ಐಕ್ಯ ಮಂಟಪಕ್ಕೆ ಮೆಟ್ಟಿಲಿಳಿದು ಹೋಗುತ್ತಾರೆ. ಸುತ್ತ ನೀರು, ನಡುವೆ ಬಾವಿಯಂತೆ ಕಟ್ಟಿದ ಗೋಡೆ. ನಾರಾಯಣಪುರ ಜಲಾಶಯದ ಹಿನ್ನೀರು ಬಂತು ಅಂತ ಹೀಗೆ ಕಟ್ಟಿ ಉಳಿಸಿಕೊಂಡರು. ದೇವರ ಜಾಗ, ಶರಣರ ಜಾಗ ಅಂದಾಗ ಉಳಿಸಿಕೊಳ್ಳೋಕೆ ನಮಗೆ ಬರುತ್ತದೆ. ಸಾಮಾನ್ಯರ ಮನೆಗಳ ನೆನಪನ್ನಾದರೂ ಉಳಿಸಬಹುದಿತ್ತು.

ಮತ್ತೆ ಈ ಕೆಲಸಕ್ಕೆ ಟೈಮ್ ಜಾಸ್ತಿ ಇಲ್ಲ. ಕೃಷ್ಣಾ ಮೇಲ್ದಂಡೆ ನೀರಾವರಿ ಯೋಜನೆಯ ಮೂರನೇ ಹಂತದಲ್ಲಿ ಆಲಮಟ್ಟಿಯ ನೀರಿನ ಮಟ್ಟವನ್ನ 524.256 ಮೀಟರ್‌ಗೆ ಏರಿಸುವ ಯೋಜನೆ ಇದೆ. 2010ರಲ್ಲೇ ಕೃಷ್ಣಾ ನೀರು ಹಂಚಿಕೆಯ ನ್ಯಾಯಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟಿದೆ. ಅದು ಆದರೆ ಇನ್ನೂ 20 ಹಳ್ಳಿ ಏಳಬೇಕು, ಬಾಗಲಕೋಟೆಯ ಇನ್ನಷ್ಟು ಭಾಗವೂ ಹೋಗುತ್ತದೆ. ಮೊದಲ ಸಲ ಎದ್ದು ಹೋದವರು ಈಗ ಮುದುಕರಾಗಿದ್ದಾರೆ. ಅವರ ಮಾತನ್ನ ರೆಕಾರ್ಡ್ ಮಾಡೋಕೆ ಕಟ್ಟಡ ಎದ್ದು ನಿಲ್ಲುವವರೆಗೆ ಕಾಯಬೇಕಾಗಿಲ್ಲ. ಒಂದು ಮೊಬೈಲ್ ಸಾಕು.

ಹಾಗಾಗಿ ಕೇಳುತ್ತಿರುವವರಿಗೆ ಒಂದು ಕೆಲಸ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಹಳೆ ಬಾಗಲಕೋಟೆದೋ, ಮುಳುಗಿದ ಯಾವುದಾದರೂ ಹಳ್ಳಿಯದೋ ಫೋಟೋ ಇದ್ದರೆ ತೆಗೆಯಿರಿ. ಮದುವೆ ಫೋಟೋ ಆದರೂ ನಡೆಯುತ್ತದೆ, ಹಿಂದೆ ಮನೆ ಕಂಡರೆ ಸಾಕು. ಊರು, ಓಣಿ, ಇಸವಿ ಹಿಂದೆ ಬರೆದಿಡಿ. ಅಜ್ಜಿ ಪಕ್ಕದಲ್ಲಿ ಕೂತು, ಫೋಟೋದಲ್ಲಿ ಯಾರ್‍ಯಾರು ಇದ್ದಾರೆ ಅಂತ ಕೇಳಿ, ಮೊಬೈಲ್ ಆನ್ ಇರಲಿ.