ಜಗಲಿಯ ತೃಪ್ತಿ, ಹಿತ್ತಿಲ ತೃಪ್ತಿ

ಎಲ್ಲರಿಗೂ ನಮಸ್ಕಾರ. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ಹೋಂಸ್ಟೇ ನಡೆಸುವವರು ಇಲ್ಲಿ ಸೇರಿದ್ದೀರಿ. ಜಗಲಿಗೆ ಬಂದಿಳಿಯುವ ಪ್ರವಾಸಿಗರ ತೃಪ್ತಿಯನ್ನೂ, ಹಿತ್ತಿಲ ಬಾಗಿಲಿನಿಂದ ಕೆಲಸಕ್ಕೆ ಬರುವ ಹೆಂಗಸರ ತೃಪ್ತಿಯನ್ನೂ ಒಟ್ಟಿಗೇ ನೋಡೋಣ. ಕಡುಬು ಬೇಯಿಸುವ ಕೈ ಬೇಸತ್ತಿದ್ದರೆ ಅದು ಅತಿಥಿಯ ತಟ್ಟೆಯಲ್ಲಿ ಗೊತ್ತಾಗುತ್ತದೆ.

ಗ್ರಾಹಕರ ತೃಪ್ತಿಯ ಬಗ್ಗೆ ಸಂಶೋಧನೆ ಮಾಡಿದ ರಿಚರ್ಡ್ ಆಲಿವರ್ 1980ರಲ್ಲಿ ಹೇಳಿದ್ದು ಇಷ್ಟು: ಮನುಷ್ಯ ತಾನು ಕಂಡದ್ದನ್ನು ತಾನು ನಿರೀಕ್ಷಿಸಿದ್ದರ ಪಕ್ಕ ಇಟ್ಟು ಅಳೆಯುತ್ತಾನೆ. ಇದಕ್ಕೆ ಜೋಗಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ. 253 ಮೀಟರ್ ಎತ್ತರದ ಜಲಪಾತ ನಿಜ. ಆದರೆ ಶರಾವತಿಯ ನೀರು ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ನಿಂತು ವಿದ್ಯುತ್ತಿಗೆ ಹೋಗುವುದರಿಂದ ಏಪ್ರಿಲ್‌ನಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಬಂಡೆಯ ಮೇಲೆ ಎಳೆದ ಗೆರೆಗಳು. ಜುಲೈಯಲ್ಲಿ ನೀರಿದ್ದರೂ ಮಂಜು ಮುಚ್ಚಿಕೊಂಡು ಗಂಟೆಗಟ್ಟಲೆ ಏನೂ ಕಾಣದಿರಬಹುದು. ನೀವು ಆಗಸ್ಟ್ ತಿಂಗಳ ಫೋಟೋ ತೋರಿಸಿ ಏಪ್ರಿಲ್‌ನಲ್ಲಿ ಕರೆದಿದ್ದರೆ ಅತಿಥಿಯ ಸಿಟ್ಟು ನಿಮ್ಮ ತಲೆಗೇ ಬರುತ್ತದೆ. ಬುಕಿಂಗ್ ಮಾಡುವಾಗಲೇ ಆಯಾ ತಿಂಗಳ ಫೋಟೋ ಕಳಿಸಿ. ಇಂಬಳ (ಜಿಗಣೆ), ಕರೆಂಟು, ನೆಟ್‌ವರ್ಕ್ ವಿಷಯ ಮುಚ್ಚಿಡಬೇಡಿ. ಇದನ್ನೆಲ್ಲ ಕೇಳಿ ಒಂದಿಬ್ಬರು ಬರದೇ ಹೋದರೆ ಹೋಗಲಿ.

ಸೇವೆಯ ಗುಣಮಟ್ಟ ಅಳೆಯಲು ಮಾರ್ಕೆಟಿಂಗ್ ಸಂಶೋಧಕ ಪರಶುರಾಮನ್ ಮತ್ತು ಸಂಗಡಿಗರು 1988ರಲ್ಲಿ 22 ಅಂಶಗಳ ಒಂದು ಪಟ್ಟಿ ಮಾಡಿದರು. ಅವರು ಗುರುತಿಸಿದ ಐದು ಗುಣಗಳಲ್ಲಿ ಹೆಚ್ಚು ತೂಗಿದ್ದು, ಹೇಳಿದ್ದನ್ನು ಹೇಳಿದಂತೆ ಮಾಡುವುದು. ಏಳು ಗಂಟೆಗೆ ಬಿಸಿನೀರು ಎಂದರೆ ಏಳಕ್ಕೇ ಇರಬೇಕು. ಮಳೆಗಾಲದಲ್ಲಿ ಸೋಲಾರ್ ನಂಬುವಂತಿಲ್ಲ, ಹಂಡೆ ಒಲೆಗೆ ಒಣ ಸೌದೆಯನ್ನು ಮೇ ತಿಂಗಳಲ್ಲೇ ಕೂಡಿಟ್ಟಿರಬೇಕು. ಹಾಸಿಗೆಗೆ ಬೇಸಿಗೆಯಲ್ಲಿ ಮೂರು ಜೊತೆ ಹೊದಿಕೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಐದು ಬೇಕು, ಏಕೆಂದರೆ ಒಗೆದದ್ದು ಒಣಗಲು ಎರಡು ಮೂರು ದಿನ ಹಿಡಿಯುತ್ತದೆ. ಅರೆಒಣಗಿದ್ದನ್ನು ಹಾಸಿದರೆ ಬರುವ ಮುಗ್ಗುಲು ವಾಸನೆಗೆ ಕೆಲಸದಾಕೆ ಬೈಗುಳ ತಿನ್ನುತ್ತಾಳೆ. ತಪ್ಪು ಹೊದಿಕೆ ಕೊಳ್ಳದ ಮಾಲೀಕರದು.

ಇನ್ನು ಹಿತ್ತಿಲ ಕಡೆ. ಬೇಸರದ ಕಾರಣಗಳೇ ಬೇರೆ, ತೃಪ್ತಿಯ ಕಾರಣಗಳೇ ಬೇರೆ ಎಂದು ಅಮೆರಿಕದ ಮನಶ್ಶಾಸ್ತ್ರಜ್ಞ ಹರ್ಜ್‌ಬರ್ಗ್ 1959ರಲ್ಲಿ ವಾದಿಸಿದರು. ಸಂಬಳ, ಶೌಚಾಲಯ, ಕೂತು ಉಣ್ಣಲು ಜಾಗ, ಇವು ಸರಿಯಿದ್ದರೆ ಗೊಣಗಾಟ ನಿಲ್ಲುತ್ತದೆ. ಕೆಲಸ ಇಷ್ಟವಾಗಲು ಜವಾಬ್ದಾರಿ, ಮೆಚ್ಚುಗೆ ಬೇಕು. ಅವರು ಮಾತಾಡಿಸಿದ್ದು ಪಿಟ್ಸ್‌ಬರ್ಗ್‌ನ ಎಂಜಿನಿಯರು, ಲೆಕ್ಕಿಗರನ್ನು. ದಿನಗೂಲಿಯ ಹೆಂಗಸಿಗೆ ಹೇಳಿದ ದಿನ ಕೈಗೆ ಬರುವ ದುಡ್ಡೇ ಅರ್ಧ ಗೌರವ, ಹಾಗಾಗಿ ಈ ವಾದವನ್ನು ಇಲ್ಲಿಗೆ ಪೂರ್ತಿ ಒಪ್ಪಲಾಗದು.

ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ಅಂಶ ಕೊನೆಯ ಬಸ್ಸು. 2023ರ ಜೂನ್ 11ರಿಂದ ಬಂದ ಶಕ್ತಿ ಯೋಜನೆಯ ಉಚಿತ ಪ್ರಯಾಣ ಸರ್ಕಾರಿ ಬಸ್ಸಿಗೆ ಮಾತ್ರ. ಮಲೆನಾಡಿನ ಎಷ್ಟೋ ದಾರಿಯಲ್ಲಿ ಓಡುವುದು ಖಾಸಗಿ ಬಸ್ಸು. ಬಸ್‌ಚಾರ್ಜು ಕಳೆದು ಕೂಲಿ ಎಷ್ಟು ಉಳಿಯಿತು ಎಂದು ಲೆಕ್ಕ ಹಾಕಿ. ಅತಿಥಿಗಳಿಗೆ ಊಟ ಒಂಬತ್ತೂವರೆಗೆ ಇದ್ದರೆ ಅಡುಗೆಯಾಕೆ ಸಾರು ಪಲ್ಯ ಮುಗಿಸಿ ಸಂಜೆಯ ಬಸ್ಸಿಗೆ ಹೊರಡಲಿ. ರೊಟ್ಟಿ ಸುಟ್ಟು ಬಡಿಸುವುದು ಮನೆಯವರ ಪಾಲು.

ಅಡಿಕೆ ಕೊಯ್ಲಿನಲ್ಲಿ ಹೆಂಗಸರು ಬರುವುದಿಲ್ಲ ಎಂಬ ದೂರು ಪ್ರತಿ ವರ್ಷದ್ದು. ಅಡಿಕೆ ಸುಲಿದರೆ ಸುಲಿದಷ್ಟಕ್ಕೆ ದುಡ್ಡು, ಅದೂ ತಮ್ಮ ಊರಲ್ಲೇ. ಆ ತಿಂಗಳುಗಳಿಗೆ ನಿಮ್ಮ ಕೂಲಿ ಅದಕ್ಕೆ ಸಮನಾಗಿದೆಯೇ ನೋಡಿ. ಭೂಮಿ ಹುಣ್ಣಿಮೆಯ ಹಿಂದಿನ ರಾತ್ರಿಯಿಡೀ ಅಡುಗೆ ಮಾಡುವ ಹೆಂಗಸನ್ನು ಮರುದಿನ ಬೆಳಿಗ್ಗೆ ಆರಕ್ಕೆ ಬಾ ಎನ್ನುವುದು ಸಲ್ಲದು, ಆ ದಿನ ಬುಕಿಂಗ್ ಕಡಿಮೆ ಇಟ್ಟುಕೊಳ್ಳಿ. ಅತಿಥಿ ಕೆಟ್ಟದಾಗಿ ನಡೆದುಕೊಂಡರೆ? ಕೆಲಸದ ಜಾಗದಲ್ಲಿ ಹೆಂಗಸರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತಕ್ಕಿಂತ ಕಡಿಮೆ ಜನ ದುಡಿಯುವ ಕಡೆಯ ದೂರು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಆ ವಿಳಾಸ ಅಡುಗೆಮನೆ ಗೋಡೆಯ ಮೇಲೆ ಇರಲಿ.

ಕೊನೆಗೆ ಅಳೆಯುವ ವಿಷಯ. “ಖುಷಿಯಾಗಿದ್ದೀಯೇನಮ್ಮಾ” ಎಂದು ಮಾಲೀಕರೇ ಕೇಳಿದರೆ “ಹೌದು” ಎಂದಲ್ಲದೆ ಇನ್ನೇನು ಬರುತ್ತದೆ? “ನಿನ್ನೆ ಮನೆ ಸೇರಿದ್ದು ಎಷ್ಟು ಗಂಟೆಗೆ” ಎಂದು ಕೇಳಿ, ಉತ್ತರದಲ್ಲೇ ವಿಷಯ ಇರುತ್ತದೆ. ಸರಾಸರಿಯನ್ನೂ ನಂಬಬೇಡಿ. ಹತ್ತು ಅತಿಥಿಗಳು 5 ಅಂಕ, ಹತ್ತು ಮಂದಿ 1 ಅಂಕ ಕೊಟ್ಟರೆ ಸರಾಸರಿ 3. ಆದರೆ ಅಲ್ಲಿ ಮಧ್ಯಮ ಅನ್ನಿಸಿದವರು ಒಬ್ಬರೂ ಇಲ್ಲ. ಮಳೆಗಾಲದ ಅತಿಥಿಗಳ, ಬೇಸಿಗೆಯ ಅತಿಥಿಗಳ ಅಂಕದ ಚೀಟಿ ಬೇರೆ ಬೇರೆ ಕೂಡಿಸಿ. ನಾಲ್ಕೈದೇ ಹೆಂಗಸರಿರುವ ಕಡೆ ಚೀಟಿ ಬರೆಸಿದರೆ ಕೈಬರಹದಿಂದ ಯಾರೆಂದು ತಿಳಿದುಹೋಗುತ್ತದೆ. ಅದರ ಬದಲು ಬಚ್ಚಲಿನ ಪಕ್ಕ, ಯಾರ ಕಣ್ಣಿಗೂ ಬೀಳದ ಕಡೆ, ಬಾಯಿ ಕಿರಿದಾದ ಎರಡು ಡಬ್ಬಿ, ‘ಹೌದು’ಗೆ ಒಂದು, ‘ಇಲ್ಲ’ಕ್ಕೆ ಒಂದು, ಇಟ್ಟು, ವಾರಕ್ಕೊಂದೇ ಪ್ರಶ್ನೆ ಹೇಳಿ, ಉತ್ತರದ ಡಬ್ಬಿಗೆ ಹಾಕಲು ತಲೆಗೊಂದು ಹುಣಸೆ ಬೀಜ ಕೊಡಿ.